ದಬ್ಬಾಗ್ ಮನೆತನದ ಪುಕ್ಕಟೆ ಅಂಚೆ

ದುಡ್ಡು ಕೊಟ್ಟು ಕೊಂಡದ್ದು ಕಳೆದುಹೋದರೆ ಮನುಷ್ಯ ಎರಡು ದಿನ ಗೊಣಗಿ ಸುಮ್ಮನಾಗುತ್ತಾನೆ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರಾದರೂ ದುಡ್ಡು ಕೇಳಿದರೋ, ಅವನ ಮೈಯೆಲ್ಲ ಉರಿದುಹೋಗುತ್ತದೆ. ಬೈರೂತ್‌ನ ದಕ್ಷಿಣಕ್ಕಿರುವ ಸೈದಾ ಪಟ್ಟಣದ ಹಳೇ ಪೇಟೆಯಲ್ಲಿ ಕಾಗದ, ಪೆನ್ನು, ಲಕೋಟೆ ಮಾರುವ ಮಿಸ್ಬಾಹ್ ದಬ್ಬಾಗ್ ಅವರಿಗೆ ಆ ಮಂಗಳವಾರ ಬೆಳಿಗ್ಗೆ ಉರಿದದ್ದು ಹೀಗೆ.

ಹದಿನೈದು ವರ್ಷದ ಹಿಂದೆ, ಒಂದು ಇಮೇಲ್ ಕಂಪನಿ ಯಾವ ಮನೆತನಕ್ಕೆ ಬೇಕಾದರೂ ಅದರದೇ ಹೆಸರಿನಲ್ಲಿ ವಿಳಾಸಗಳನ್ನು ಪುಕ್ಕಟೆ ಕೊಡುತ್ತೇನೆ ಎಂದಿತ್ತು. ಮಿಸ್ಬಾಹ್ ಬಿಡುತ್ತಾರೆಯೇ? ಅಣ್ಣ, ತಮ್ಮ, ಅಕ್ಕ, ಅತ್ತಿಗೆ, ಬ್ರೆಜಿಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ಚಿಕ್ಕಪ್ಪ, ಎಲ್ಲರಿಗೂ ದಬ್ಬಾಗ್ ಎಂಬ ಬಾಲವಿರುವ ವಿಳಾಸ ಹಂಚಿದರು. ಮನೆತನದಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಹಲ್ಲು ಬರುವ ಮೊದಲೇ ವಿಳಾಸ ಬರುತ್ತಿತ್ತು. (ಲಕೋಟೆ ಮಾರುವವನೇ ಊರಿನ ಲಕೋಟೆ ವ್ಯಾಪಾರಕ್ಕೆ ಗುಂಡಿ ತೋಡುತ್ತಿದ್ದಾನೆ ಎಂದು ಹೆಂಡತಿ ನಜ್ಲಾ ಅಂದೇ ಹೇಳಿದ್ದಳು. ಅವಳ ಮಾತನ್ನು ಯಾರು ಕೇಳಬೇಕು?) ಮದುವೆ ಮುಂಜಿಗಳಲ್ಲಿ ಜನ ಅವರನ್ನು ‘ನಮ್ಮ ಪೋಸ್ಟ್‌ಮಾಸ್ಟರ್ ಜನರಲ್’ ಎಂದು ಪರಿಚಯಿಸುತ್ತಿದ್ದರು. ಅವರು ಬೇಡ ಬೇಡ ಎನ್ನುತ್ತ, ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಿದ್ದರು.

ಈಗ ಕಂಪನಿಯಿಂದ ನೋಟಿಸು ಬಂದಿತ್ತು. ತಿಂಗಳ ಕೊನೆಯಿಂದ ಪುಕ್ಕಟೆ ಸೇವೆ ಬಂದ್. ತಲೆಗೆ ವರ್ಷಕ್ಕೆ ಹತ್ತು ಡಾಲರ್. ಕೊಡದಿದ್ದರೆ ವಿಳಾಸಗಳೂ ಹೋದವು, ಅದರೊಳಗಿನ ಪತ್ರಗಳೂ ಫೋಟೋಗಳೂ ಹೋದವು. ತಲೆಗಳೋ ಮೂವತ್ತು ಚಿಲ್ಲರೆ. ಒಟ್ಟು ಲೆಕ್ಕ ಹಾಕಿದರೆ ಸರಿಯಾಗಿ ಒಂದು ಬಟ್ಟೆ ಒಗೆಯುವ ಮಷೀನಿನ ಬೆಲೆ.

ಇದೇಕೆ ಮಷೀನಿನ ಲೆಕ್ಕದಲ್ಲಿ ಹೇಳಬೇಕಾಯಿತೆಂದರೆ, ನಜ್ಲಾಳ ಕಾಫಿ ಡಬ್ಬಿಯಲ್ಲಿ ಅಷ್ಟೇ ದುಡ್ಡಿತ್ತು. ಅವರ ಮನೆಯ ಹಳೇ ಮಷೀನು ಒಗೆಯುವುದಕ್ಕಿಂತ ಹೆಚ್ಚಾಗಿ ಓಡಾಡುತ್ತಿತ್ತು. ಸ್ನಾನದ ಮನೆಯಲ್ಲಿ ಹೊರಟರೆ ಪಡಸಾಲೆಯ ಬಾಗಿಲವರೆಗೂ ಬಂದು ನಿಲ್ಲುತ್ತಿತ್ತು. ಎರಡು ವರ್ಷದಿಂದ ಮೆಣಸಿನಕಾಯಿ ಉಪ್ಪಿನಕಾಯಿ, ಆಲಿವ್ ಉಪ್ಪಿನಕಾಯಿ ಮಾಡಿ ನೆರೆಹೊರೆಗೆ ಮಾರಿ, ಅವಳು ಹೊಸದಕ್ಕೆ ದುಡ್ಡು ಕೂಡಿಟ್ಟಿದ್ದಳು. ಆ ಡಬ್ಬಿಯನ್ನು ಮುಟ್ಟುವ ಧೈರ್ಯ ಮಿಸ್ಬಾಹ್‌ಗೆ ಕನಸಿನಲ್ಲೂ ಇರಲಿಲ್ಲ.

“ಕಳ್ಳರು,” ಎಂದು ಅವರು ಫೋನನ್ನು ಬ್ರೆಡ್ಡಿನ ಮೇಲೆ ಕುಕ್ಕಿದರು. “ಹದಿನೈದು ವರ್ಷ ಪುಕ್ಕಟೆ ಪುಕ್ಕಟೆ ಅಂತ ಬೆಣ್ಣೆ ಹಚ್ಚಿ, ಈಗ ಕುತ್ತಿಗೆಗೆ ಕೈ ಹಾಕ್ತಾರೆ.”

“ಕಟುಕರ ಅಂಗಡಿ ಮುಹ್ಯಿದ್ದೀನ್ ದಿನಾ ಏನಂತಾನೆ?” ಎಂದಳು ನಜ್ಲಾ, ಬದನೆಕಾಯಿ ಕೊರೆಯುತ್ತ.

“ಏನಂತಾನೆ? ಇರಲಿ ಬಿಡಿ ಅಬು ಗಸ್ಸಾನ್, ಇವತ್ತಿನದು ನಮ್ಮ ಕಡೆಯಿಂದ ಅಂತಾನೆ.” (ಗಸ್ಸಾನನ ಅಪ್ಪ ಎಂದು, ಮಗನ ಹೆಸರು ಹಿಡಿದೇ ಪೇಟೆಯವರು ಮಿಸ್ಬಾಹ್ ಅವರನ್ನು ಕರೆಯುತ್ತಿದ್ದರು.)

“ಅದಕ್ಕೆ ನೀವು ಮಾಂಸ ಎತ್ಕೊಂಡು ಸುಮ್ನೆ ಬಂದುಬಿಡ್ತೀರಾ?”

“ನನಗೇನು ಮರ್ಯಾದೆ ಇಲ್ವಾ? ಅದು ಬಾಯುಪಚಾರ. ಎದೆ ಮೇಲೆ ಕೈ ಇಟ್ಟು, ಬಲವಂತ ಮಾಡಿ ದುಡ್ಡು ಕೊಟ್ಟೇ ಬರ್ತೀನಿ.”

“ಆ ಕಂಪನಿಯವರೂ ಇರಲಿ ಬಿಡಿ ಅಂದ್ರು. ನೀವು ಹದಿನೈದು ವರ್ಷ ಮಾಂಸ ಎತ್ಕೊಂಡು ಬಂದ್ರಿ. ಈಗ ಅವರು ಮನೆ ಬಾಗಿಲಿಗೆ ಬಂದಿದ್ದಾರೆ.”

ಹೀಗೆ ಸರಿಯಾದ ಮಾತನ್ನು ತಪ್ಪು ಹೊತ್ತಿನಲ್ಲಿ ಆಡುವ ಹೆಂಗಸನ್ನು ಕಟ್ಟಿಕೊಂಡವರ ಪಾಡು ಕಟ್ಟಿಕೊಂಡವರಿಗೇ ಗೊತ್ತು. ಮಿಸ್ಬಾಹ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಒಂದು ಕಾಸು ಕೊಡದೆ ಇಡೀ ಮನೆತನದ ಅಂಚೆಯನ್ನು ಉಳಿಸುತ್ತೇನೆ ಎಂದು ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿದರು.

ಮೊದಲು ಬೇರೊಂದು ಪುಕ್ಕಟೆ ಕಂಪನಿಯ ಬಾಗಿಲು ತಟ್ಟಿದರು. ಮಿಸ್ಬಾಹ್ ದಬ್ಬಾಗ್ ಎಂಬ ಹೆಸರು ಆಗಲೇ ಯಾರದೋ ಪಾಲಾಗಿದೆ, ಬೇಕಾದರೆ ಮುಂದೊಂದು ನಂಬರು ಹಾಕಿಕೊಳ್ಳಿ ಎಂದಿತು ಅದು.

“ನನ್ನ ಹೆಸರಿಗೆ ನಂಬರಾ? ನಾನೇನು ಜೈಲಲ್ಲಿದ್ದೀನಾ?” ಎಂದು ಅಂಗಡಿಯಲ್ಲಿ ಒಬ್ಬರೇ ಕೂಗಾಡಿದರು. ಪೆನ್ಸಿಲ್ ಕೊಳ್ಳಲು ಬಂದಿದ್ದ ಹೆಂಗಸು ಪೆನ್ಸಿಲ್ ಬಿಟ್ಟು ಹೋದಳು.

ಇನ್ನೊಂದು ಕಂಪನಿ ಹೆಸರೇನೋ ಕೊಟ್ಟಿತು. ಆದರೆ ಪ್ರತಿ ಪತ್ರದ ಪಕ್ಕದಲ್ಲೂ ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು. ಮಿಸ್ಬಾಹ್ ಅವರ ತಲೆಯಲ್ಲಿ ಕೂದಲು ಇಲ್ಲದ್ದು ಸೈದಾದ ಜನಕ್ಕೆಲ್ಲ ಗೊತ್ತು, ಅದು ಬೇರೆ ಮಾತು. ಎಲ್ಲೋ ಸಮುದ್ರದಾಚೆ ಕೂತ ಕಂಪನಿಗೆ ಹೇಗೆ ಗೊತ್ತಾಗಬೇಕು? ಅಂದು ಸಂಜೆಯವರೆಗೂ ಅವರು ಅಂಗಡಿಯೊಳಗೂ ಟೋಪಿ ಹಾಕಿಕೊಂಡೇ ಕೂತರು.

ಆಗ ಒದಗಿಬಂದವನು ನಜ್ಲಾಳ ತಮ್ಮ ವಫೀಕ್. ಫೋನ್ ರಿಪೇರಿ ಅಂಗಡಿಯವನು. ಜಗತ್ತಿನಲ್ಲಿ ರಿಪೇರಿ ಆಗದ ವಸ್ತುವಿಲ್ಲ ಎಂದು ನಂಬಿ, ಅನೇಕ ವಸ್ತುಗಳನ್ನು ಹಾಳು ಮಾಡಿದವನು.

“ಭಾವ, ಕಂಪನಿ ಯಾಕೆ ಬೇಕು? ನಿಮ್ಮ ಹಳೇ ಕಂಪ್ಯೂಟರ್ ಇದೆಯಲ್ಲ, ಅದನ್ನೇ ಅಂಚೆ ಕಚೇರಿ ಮಾಡಿಬಿಡೋಣ. ಮನೆಯಲ್ಲೇ ಇರುತ್ತೆ. ನಿಮ್ಮದೇ ರಾಜ್ಯ.”

ರಾಜ್ಯ ಎಂಬ ಮಾತು ಮಿಸ್ಬಾಹ್‌ಗೆ ನೇರ ಎದೆಗೆ ಹೋಯಿತು. ಕಂಪ್ಯೂಟರು ಪಡಸಾಲೆಯಲ್ಲಿ ಪ್ರತಿಷ್ಠಾಪನೆಯಾಯಿತು. ಅದು ಹಗಲೂ ರಾತ್ರಿ ಉರಿಯುತ್ತಿರಬೇಕು, ಒಂದು ಗಳಿಗೆಯೂ ಆರಬಾರದು ಎಂದ ವಫೀಕ್. ಸರ್ಕಾರದ ಕರೆಂಟು ಬರುವುದು ಅದಕ್ಕೆ ಮನಸ್ಸು ಬಂದಾಗ. ಉಳಿದ ಹೊತ್ತು ಬೀದಿಯ ಜನರೇಟರಿನವನು ಕೊಡುವ ಐದು ಆಂಪಿಯರಿನಲ್ಲಿ ಸಂಸಾರ ನಡೆಯಬೇಕು. ಐದರಲ್ಲಿ ಫ್ರಿಜ್ಜು ನಡೆದರೆ ಇಸ್ತ್ರಿ ನಡೆಯದು, ಇಸ್ತ್ರಿ ನಡೆದರೆ ಬಿಸಿನೀರಿಲ್ಲ. ಈಗ ಅಂಚೆ ಇಲಾಖೆ ಬೇರೆ ಬಂತು.

“ಬಟ್ಟೆ ಒಗೀಬೇಕು, ಅದನ್ನ ಆರಿಸಿ,” ಎಂದಳು ನಜ್ಲಾ.

“ಆಗಲ್ಲ. ಬ್ರೆಜಿಲ್‌ನಿಂದ ಚಿಕ್ಕಪ್ಪನ ಪತ್ರ ಬರೋ ಹೊತ್ತು.”

“ನಿಮ್ಮ ಚಿಕ್ಕಪ್ಪ ವರ್ಷಕ್ಕೊಂದು ಪತ್ರ ಹಾಕ್ತಾರೆ, ಅದೂ ಹಬ್ಬಕ್ಕೆ. ಅಲ್ಲಿವರೆಗೂ ನಾವು ಕೊಳೆ ಬಟ್ಟೆಲೇ ಇರೋದಾ?”

“ಮನೆತನದ ಮಾನದ ಮುಂದೆ ನಿನಗೆ ಅಂಗಿ ದೊಡ್ಡದಾಯ್ತಾ?”

“ಮಾನ ಮುಚ್ಚೋದೇ ಅಂಗಿ ಕಣ್ರೀ,” ಎಂದು ಅವಳು ಸ್ನಾನದ ಮನೆಗೆ ಹೋಗಿ ಮಷೀನಿನ ಗುಂಡಿ ಒತ್ತಿಯೇಬಿಟ್ಟಳು.

ಮಷೀನು ಎದ್ದು ಹೊರಟಿತು. ಅರ್ಧ ದಾರಿಗೆ ಬಂದಿತ್ತು, ಮನೆಯ ಕರೆಂಟು ಹೋಯಿತು. ಮಿಸ್ಬಾಹ್ ಬೈಯುತ್ತ ಓಡಿ ಸ್ವಿಚ್ಚು ಎತ್ತಿದರು, ಮತ್ತೆ ಬಿತ್ತು, ಮತ್ತೆ ಎತ್ತಿದರು. ಮೂರನೇ ಸಲಕ್ಕೆ ಧಡ್ ಎಂದಿತು. ಸುಟ್ಟ ರಬ್ಬರಿನ ವಾಸನೆ ಮನೆ ತುಂಬಿತು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಮಷೀನು ಪಡಸಾಲೆಯ ಬಾಗಿಲಲ್ಲಿ, ಹೊಟ್ಟೆ ತುಂಬ ನೊರೆನೀರು ಇಟ್ಟುಕೊಂಡು ಪ್ರಾಣ ಬಿಟ್ಟಿತ್ತು.

ನಜ್ಲಾ ಮಷೀನನ್ನು ದಾಟಿ ಕಪಾಟಿನ ಹತ್ತಿರ ಹೋದಳು. ಡಬ್ಬಿಯನ್ನು ಇಳಿಸಿ, ಎಣಿಸಿ, “ಶನಿವಾರ ಹೊಸದು ತರೋಣ” ಎಂದಷ್ಟೇ ಹೇಳಿದಳು.

ಹೋಗಲಿ, ಅಂಚೆಯಾದರೂ ನಡೆಯಿತೇ? ರಾಜ್ಯದ ಮೊದಲ ಪತ್ರವನ್ನು ಮಿಸ್ಬಾಹ್ ಎಲ್ಲ ಬಂಧುಗಳಿಗೆ ಬೇರೆ ಕಂಪನಿಗಳಲ್ಲಿದ್ದ ವಿಳಾಸಕ್ಕೆ ಘನವಾಗಿ ಬರೆದು ಕಳಿಸಿದ್ದರು. ಯಾರಿಂದಲೂ ಜವಾಬಿಲ್ಲ. ವಿಚಾರಿಸಿದರೆ, ಅಷ್ಟೂ ಪತ್ರಗಳು ಲಾಟರಿ ಗೆದ್ದಿದ್ದೀರಿ ಎನ್ನುವ ಪತ್ರಗಳ ಜೊತೆ ಕಸದ ಬುಟ್ಟಿಯಲ್ಲಿದ್ದವು. ಗುರುತಿಲ್ಲದ ಮನೆಯಿಂದ ಬಂದ ಪತ್ರವನ್ನು ದೊಡ್ಡ ಕಂಪನಿಗಳು ನಂಬುವುದಿಲ್ಲ ಭಾವ ಎಂದ ವಫೀಕ್, ಬಾಗಿಲ ಕಡೆಗೆ ಹೆಜ್ಜೆ ಹಾಕುತ್ತ.

ದಬ್ಬಾಗ್ ಮನೆತನದ ಹೆಸರು ಕಸದ ಬುಟ್ಟಿಯಲ್ಲಿ. ಮಿಸ್ಬಾಹ್ ಅವರ ಬೋಳುತಲೆ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಫೋನ್ ಎತ್ತಿ, ಬ್ರೆಜಿಲ್‌ನಿಂದ ಬೈರೂತ್‌ವರೆಗೆ ಎಲ್ಲ ಬಂಧುಗಳಿರುವ ಗುಂಪಿಗೆ ತಮ್ಮ ದನಿಯಲ್ಲೇ ಸಂದೇಶ ಕಳಿಸಿದರು.

“ಎಲ್ಲರೂ ಕೇಳಿಸ್ಕೊಳ್ಳಿ. ಈ ಕಳ್ಳ ಕಂಪನಿಗೆ ದಬ್ಬಾಗ್ ಹೆಸರಿನ ಒಬ್ಬನೇ ಒಬ್ಬ, ಗಂಡಾಗಲಿ ಹೆಣ್ಣಾಗಲಿ, ಒಂದು ಲಿರಾ ಕೊಟ್ಟರೂ ನನ್ನ ಹೆಂಡತಿಗೆ ತಲಾಖ್ ಆದ ಹಾಗೆ. ಇದು ನನ್ನ ಆಣೆ.”

ಸೈದಾದ ಗಂಡಸರಿಗೆ ಈ ಆಣೆ ಬಾಯಿಚಟ. ಹೋಟೆಲಿನಲ್ಲಿ ಬಿಲ್ಲು ನಾನೇ ಕೊಡಬೇಕು ಎಂಬುದಕ್ಕೂ ತಲಾಖ್ ಆಣೆ, ಇನ್ನೆರಡು ತುತ್ತು ತಿನ್ನಲೇಬೇಕು ಎಂಬುದಕ್ಕೂ ತಲಾಖ್ ಆಣೆ. ಹೆಂಡಂದಿರು ಅಡುಗೆಮನೆಯಲ್ಲಿ ನಿಶ್ಚಿಂತೆಯಿಂದ ಈರುಳ್ಳಿ ಹೆಚ್ಚುತ್ತಿರುತ್ತಾರೆ. ನಜ್ಲಾ ಮಾತ್ರ ಅಂದು ಒದ್ದೆ ಬಟ್ಟೆಯ ರಾಶಿ ಹೊತ್ತುಕೊಂಡು ಹೋಗುತ್ತಿದ್ದವಳು ನಿಂತಳು.

“ರೀ, ನಿಮ್ಮ ಕೋಪಕ್ಕೆ ನನ್ನನ್ಯಾಕೆ ಅಡ ಇಡ್ತೀರಿ? ನಿಮ್ಮ ಮೀಸೆ ಇದೆ, ಅಂಗಡಿ ಇದೆ. ಅದನ್ನ ಇಡಿ.”

“ಮಾತಿಗೆ ಅಂದೆ.”

“ಮಾತಿಗೇ ಅನ್ನೋದಾದ್ರೆ ನಿಮ್ಮ ಹಿರಿಯಕ್ಕನ ಹತ್ರ ಅನ್ನಿ ನೋಡೋಣ.”

ತಿಂಗಳ ಕೊನೆಯ ಶುಕ್ರವಾರ ಬಂತು. ಮಾರನೆ ದಿನ ಅಂಚೆ ಬಂದ್, ಮಾರನೆ ದಿನವೇ ಮಷೀನು. ನಮಾಜಿನ ಹೊತ್ತು ಕಳೆದ ಮೇಲೆ ಮನೆತನವೆಲ್ಲ ವಫೀಕನನ್ನೂ ಕೂಡಿಸಿಕೊಂಡು ಮಿಸ್ಬಾಹ್ ಅವರ ಮನೆಗೆ ಊಟಕ್ಕೆ ಬಂತು. ಮಿಸ್ಬಾಹ್ ಅವರ ತಲೆಯಲ್ಲಿ ಒಂದು ಯೋಜನೆ ಇತ್ತು. ತಾವು ಹಂಚಿದ ಉಡುಗೊರೆಗೆ ತಾವೇ ದುಡ್ಡು ಕೇಳುವಂತಿಲ್ಲ, ನಾಚಿಕೆಗೇಡು. ಆದರೆ ದಬ್ಬಾಗರು ಬಿಲ್ಲಿಗೆ ಹೊಡೆದಾಡುವ ಜನ. ಒಮ್ಮೆ ಮೀನಿನ ಹೋಟೆಲಿನಲ್ಲಿ ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಎಳೆದಾಡಿ ಮಾಣಿಯ ಅಂಗಿಯನ್ನೇ ಹರಿದಿದ್ದರು. ತಾವು ‘ಎಲ್ಲರದ್ದೂ ನಾನೇ ಕೊಡುತ್ತೇನೆ’ ಎಂದರೆ ಸಾಕು, ಮೂವತ್ತು ಕೈಗಳು ಜೇಬಿಗೆ ಹೋಗುತ್ತವೆ.

ಅನ್ನದ ತಟ್ಟೆ ಎರಡನೇ ಸುತ್ತು ಬಂದಾಗ ಮಿಸ್ಬಾಹ್ ಗಂಟಲು ಸರಿಮಾಡಿಕೊಂಡರು.

“ಅಂಚೆ ನಿಲ್ಲಬಾರದು. ಕಳ್ಳರಾದ್ರೂ ಸರಿ, ಕೊಟ್ಟು ಬಿಸಾಕೋಣ. ಯಾರೂ ಮಾತಾಡ್ಬೇಡಿ, ಎಲ್ಲರದ್ದೂ ನನ್ನ ಲೆಕ್ಕ.”

ಅವರು ಎಣಿಸಿದಂತೆಯೇ ಆಯಿತು. “ಅದ್ಹೇಗಾಗುತ್ತೆ ಅಣ್ಣಾ” ಎಂದು ತಮ್ಮ ಮುನೀರ್ ಪಾಕೀಟು ತೆಗೆದ. ಅವನ ಹಿಂದೆ ಹತ್ತಾರು ಪಾಕೀಟುಗಳು ಎದ್ದವು. ಮಿಸ್ಬಾಹ್ ಬೇಡ ಬೇಡ ಎಂದು ಎರಡು ಸಲ ಅಂದು, ಮೂರನೆಯದಕ್ಕೆ ಸೋಲಲು ಸಿದ್ಧರಾಗಿ ಕೂತರು.

“ನಿಲ್ಲಿ,” ಎಂದಳು ಹಿರಿಯಕ್ಕ ಸಮೀಹಾ. ಗಂಡ ತೀರಿಕೊಂಡ ಮೇಲೆ ಮನೆತನದ ಕೊನೆಯ ಮಾತು ಅವಳದೇ. ಅವಳು ಫೋನ್ ತೆಗೆದು ಗುಂಡಿ ಒತ್ತಿದಳು. ಅನ್ನದ ಮೇಲೆ, ಸೊಪ್ಪಿನ ಸಾರಿನ ಮೇಲೆ, ಮಿಸ್ಬಾಹ್ ಅವರ ದನಿಯೇ ಗುಡುಗಿತು. ದಬ್ಬಾಗ್ ಹೆಸರಿನ ಒಬ್ಬನೇ ಒಬ್ಬ, ಗಂಡಾಗಲಿ ಹೆಣ್ಣಾಗಲಿ.

ಪಾಕೀಟುಗಳು ಬಂದದ್ದಕ್ಕಿಂತ ಬೇಗ ಒಳಗೆ ಹೋದವು.

“ನಿನ್ನ ಸಂಸಾರ ಮುರಿಯೋ ಪಾಪ ನಮಗೆ ಬೇಡಪ್ಪಾ,” ಎಂದಳು ಸಮೀಹಾ.

“ಅಯ್ಯೋ ಅಕ್ಕಾ, ಅದು ಕೋಪದಲ್ಲಿ ಅಂದದ್ದು. ಕೋಪದಲ್ಲಿ ಅಂದದ್ದು ಲೆಕ್ಕಕ್ಕಿಲ್ಲ. ಶೇಖ್ ಅವರನ್ನ ಕೇಳಿದ್ರೆ ಹತ್ತು ಜನ ಬಡವರಿಗೆ ಊಟ ಹಾಕು, ಆಣೆ ತೀರುತ್ತೆ ಅಂದು ಕಳಿಸ್ತಾರೆ.”

“ನೀನು ಕೋಪ ಇಲ್ದೆ ಇದ್ದದ್ದು ಯಾವಾಗ ಅಣ್ಣಾ?” ಎಂದ ಮುನೀರ್. “ಹಾಗೆ ನೋಡಿದ್ರೆ ನಿನ್ನ ನಿಕಾಹ್ ಕೂಡ ಲೆಕ್ಕಕ್ಕಿಲ್ಲ.”

ಜೀವಮಾನದಲ್ಲಿ ಹಬ್ಬಕ್ಕೆ ಬಿಟ್ಟು ಮಸೀದಿಗೆ ಕಾಲಿಡದವನು ಅವನು. ಅಂದು ಇಡೀ ಮೇಜು ಅಂಥದೇ ಭಕ್ತಿಯಿಂದ ತುಂಬಿಹೋಯಿತು. ಆಣೆ ಅಂದರೆ ಆಣೆ, ಸಂಶಯಕ್ಕೆ ಎಡೆ ಕೊಡಬಾರದು ಎಂದು ಎಲ್ಲರೂ ತಲೆಯಾಡಿಸಿದರು. ಮಿಸ್ಬಾಹ್ ತಾವೇ ಕೊಡಲೂ ದಾರಿಯಿರಲಿಲ್ಲ, ಅವರೂ ದಬ್ಬಾಗರೇ. ಅಳಿಯಂದಿರ ಹತ್ತಿರ ಕೇಳೋಣವೆಂದರೆ ಅಳಿಯನಿಂದ ದುಡ್ಡು ಈಸಿಕೊಂಡ ಮನೆ ಎಂದು ಊರು ನಗುತ್ತದೆ.

“ಬ್ರೆಜಿಲ್ ಚಿಕ್ಕಪ್ಪನ ಫೋಟೋ ಎಲ್ಲ ಅದರೊಳಗಿದೆ,” ಎಂದಳು ಸಮೀಹಾ. “ಅಮ್ಮ ನನಗೆ ಬರೆದ ಪತ್ರಗಳೂ ಅದರಲ್ಲೇ ಇವೆ. ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೀತಿದ್ದಳು.” ಅವಳ ದನಿ ಇಳಿಯಿತು. ಆಮೇಲೆ ಅವಳೇ ಮೆಲ್ಲಗೆ ತಲೆಯೆತ್ತಿದಳು. “ಆದರೆ ಸೊಸೆಯಂದಿರು ದಬ್ಬಾಗರಲ್ಲವಲ್ಲ. ಮದುವೆಯಾದ್ರೂ ಅವರ ಹೆಸರು ತವರಿನದೇ.”

ಮನೆಯ ಸೊಸೆಯಂದಿರೆಲ್ಲ ಒಟ್ಟಿಗೆ ತಮ್ಮ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು. ಮುನೀರನ ಹೆಂಡತಿಗೆ ಕೆಮ್ಮು ಬಂತು. ಹಿರಿ ಸೊಸೆ ನಜ್ಲಾ ಒಬ್ಬಳೇ ನೆಟ್ಟಗೆ ಕೂತಿದ್ದಳು. ಅವಳು ಗಂಡನ ಕಡೆ ನೋಡಿದಳು, ಬಾಗಿಲಲ್ಲಿ ಸತ್ತು ನಿಂತ ಮಷೀನಿನ ಕಡೆ ನೋಡಿದಳು. ಆಮೇಲೆ ಎದ್ದು, ಕಪಾಟಿನ ಮೇಲಿಂದ ಕಾಫಿ ಡಬ್ಬಿ ಇಳಿಸಿ, ತಮ್ಮ ವಫೀಕನ ಮುಂದೆ ಇಟ್ಟಳು. “ನಿನ್ನ ಕಾರ್ಡಿಂದ ಕಟ್ಟು. ನನ್ನ ಹೆಸರಲ್ಲಿ.”

“ನಜ್ಲಾ,” ಎಂದರು ಮಿಸ್ಬಾಹ್. “ಮಷೀನು...”

“ಮಷೀನಿನ ಚಿಂತೆ ಬಿಡಿ. ಅದಕ್ಕೊಂದು ಬದಲಿ ಇದೆ,” ಎಂದಳು ಅವಳು. ಬಂಧುಗಳೆಲ್ಲ ಅವಳ ಕೈಗೆ ಬರಕತ್ ಹಾರೈಸಿ, ಎರಡೆರಡು ಸಲ ಸಿಹಿ ಹಾಕಿಸಿಕೊಂಡು ಹೊರಟರು.

ಬದಲಿ ಯಾವುದೆಂಬುದು ಶನಿವಾರ ಬೆಳಿಗ್ಗೆ ಗೊತ್ತಾಯಿತು. ಬಾಲ್ಕನಿಯಲ್ಲಿ ದೊಡ್ಡ ಬೋಗುಣಿ, ಅದರಲ್ಲಿ ವಾರದ ಬಟ್ಟೆ, ಅದರ ಮುಂದೆ ಮೊಣಕೈವರೆಗೆ ತೋಳು ಮಡಿಸಿದ ಪೋಸ್ಟ್‌ಮಾಸ್ಟರ್ ಜನರಲ್. ಕೆಳಗೆ ಕಟುಕ ಮುಹ್ಯಿದ್ದೀನ್ ತಲೆಯೆತ್ತಿ ನೋಡಿ, “ಆರೋಗ್ಯ ಚೆನ್ನಾಗಿರಲಿ ಅಬು ಗಸ್ಸಾನ್, ಬೇಕಾದ್ರೆ ನಾನು ಒಗೆದು ಕೊಡ್ತೀನಿ, ನಮ್ಮ ಕಡೆಯಿಂದ” ಎಂದ. ಮಿಸ್ಬಾಹ್ ಎದೆಯ ಮೇಲೆ ಒದ್ದೆ ಕೈ ಇಟ್ಟು ಬೇಡ ಎಂದರು.

ಜೇಬಿನಲ್ಲಿ ಫೋನ್ ಕುಂಯ್ಗುಟ್ಟಿತು. ಇಮೇಲ್. ದಬ್ಬಾಗ್ ಮನೆತನದ ಅಂಚೆಯ ಹೊಸ ಆಡಳಿತಾಧಿಕಾರಿ ಶ್ರೀಮತಿ ನಜ್ಲಾ ಅವರು ಅಡುಗೆಮನೆಯಿಂದ ಬರೆದಿದ್ದರು: ‘ಹಾಸಿಗೆ ಬಟ್ಟೆ ಬಿಸಿನೀರಲ್ಲಿ. ಕಾಲರು ಎರಡು ಸಲ ಉಜ್ಜಬೇಕು.’

ಮಿಸ್ಬಾಹ್ ಅವರ ನೆತ್ತಿಗೇರಿತು. ಬೋಗುಣಿ ಒದ್ದು ಎದ್ದರು. “ಇನ್ನೊಂದು ಅಂಗಿಗೆ ಕೈ ಹಾಕಿದ್ರೆ ನನ್ನ ಹೆಂಡತಿಗೆ...”

ನಜ್ಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಫೋನಿತ್ತು, ಹೆಬ್ಬೆರಳು ದನಿ ಹಿಡಿಯುವ ಗುಂಡಿಯ ಮೇಲಿತ್ತು.

“ಹೇಳಿ, ಪೂರ್ತಿ ಮಾಡಿ,” ಎಂದಳು. “ಅಕ್ಕನಿಗೆ ಕಳಿಸ್ತೀನಿ.”

ಮಿಸ್ಬಾಹ್ ಬಾಯಿ ಮುಚ್ಚಿದರು. ಕೂತರು. ಉರುಳಿದ ಬೋಗುಣಿಯನ್ನು ಎತ್ತಿ ನೆಟ್ಟಗಿಟ್ಟರು.

“ನನ್ನ ಹೆಂಡತಿಗೆ,” ಎಂದರು ಮೆಲ್ಲಗೆ, “ಸೋಪಿನ ಪುಡಿ ಎಲ್ಲಿಟ್ಟಿದ್ದಾಳೆ ಅಂತ ಕೇಳ್ಬೇಕಿತ್ತು.”