ಇಬ್ಬರೂ ಒಬ್ಬರೇ ಎಂಬ ಪತ್ರ

ದೇವರು ಮತ್ತು ಸರ್ಕಾರ ಇಬ್ಬರೂ ಸ್ವಲ್ಪ ದೂರದಲ್ಲಿದ್ದರೇ ಚೆನ್ನ ಎಂದು ನಂಬಿಕೊಂಡು ಬಂದವನು ನಾನು. ದೇವರ ವಿಷಯ ಬಲ್ಲವರು ಹೇಳಲಿ. ಸರ್ಕಾರದ ವಿಷಯ ನನಗೆ ಅನುಭವದಿಂದ ಗೊತ್ತು. ಒಂದು ಕಾಗದ ಬೇಕೆಂದರೆ ಬೆಳಿಗ್ಗೆಯೇ ತಿಂಡಿ ತಿಂದು, ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಗೊರಗುಂಟೆಪಾಳ್ಯದ ಕಡೆಯ ಕಚೇರಿಯೊಂದಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಎಲ್ಲರೂ ಇದನ್ನು ಕಷ್ಟ ಎನ್ನುತ್ತಿದ್ದರು. ನಾನೂ ಜೊತೆಗೆ ತಲೆಯಾಡಿಸುತ್ತಿದ್ದೆ. ಆದರೆ ಒಳಗೊಳಗೇ ನನಗದು ಸುಖವಾಗಿತ್ತು. ಅಲ್ಲಿ ಕಿಟಕಿಯ ಹಿಂದೆ ಕೂತವರು ತಲೆಯೆತ್ತಿ ಮುಖ ನೋಡುತ್ತಿರಲಿಲ್ಲ. ಎದುರು ನಿಂತವನ ಹೆಸರು ಏನಾಗಿದ್ದರೂ ಅವರಿಗೆ ಒಂದೇ. ನನಗೆ ಬೇಕಾಗಿದ್ದುದೂ ಅದೇ. ಏಕೆಂದರೆ ನಾನು ಎರಡು ಹೆಸರಿನ ಮನುಷ್ಯ.

ಕೆಂಪಾಪುರದ ನಮ್ಮ ಬೀದಿಯಲ್ಲಿ ನಾನು ಪ್ರಶಾಂತ್ ಕುಮಾರ್. ಯಲಹಂಕದ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಲೋಲಕ ತೂಗಿಸುವುದನ್ನು ಕಲಿಸುವ ಪ್ರಶಾಂತ್ ಸರ್. ಆದರೆ ರೇಷನ್ ಕಾರ್ಡಿನಲ್ಲಿ, ಊರಿನ ಹಳೆಯ ಕಾಗದಗಳಲ್ಲಿ ನಾನು ತಿಪ್ಪಯ್ಯ. ಹುಟ್ಟಿದ್ದು ಸೋಲದೇವನಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯೇ ಆಗಿದ್ದ ಕಾಲದಲ್ಲಿ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಈ ಹೆಸರಿನಿಂದ ನನಗೆ ಏನೂ ತೊಂದರೆಯಾಗಿರಲಿಲ್ಲ. ಯಲಹಂಕದ ಹೈಸ್ಕೂಲಿಗೆ ಸೇರಿಸಲು ಸೋದರಮಾವ ಕರೆದುಕೊಂಡು ಹೋದ ದಿನ, ಹೆಸರು ಹೇಳಿದ ಕೂಡಲೇ ಹಿಂದೆ ನಿಂತಿದ್ದ ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಅತ್ತೆ. ಹೆಡ್‌ಮಾಸ್ತರರು ಕರುಣಾಳು. "ಅಳಬೇಡ್ವೋ, ಬೇರೆ ಹೆಸರು ಬರ್ಕೊಳ್ತೀನಿ. ಏನ್ ಇಡೋಣ ಹೇಳು" ಎಂದರು. ನಾನು ಕಿಟಕಿಯಾಚೆ ನೋಡಿದೆ. ಎದುರಿಗೆ ಒಂದು ಬೋರ್ಡಿತ್ತು: ಪ್ರಶಾಂತ್ ಟೈಲರ್ಸ್, ಪ್ರೊಪ್ರೈಟರ್ ಕುಮಾರ್. ಅಂಗಡಿ, ಮಾಲೀಕ ಎರಡನ್ನೂ ಸೇರಿಸಿ ಹೇಳಿಬಿಟ್ಟೆ. ಪಕ್ಕದ ಬೋರ್ಡು ಸೈಕಲ್ ಪಂಕ್ಚರಿನದು. ಕತ್ತು ಒಂದಿಷ್ಟು ವಾಲಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಮದುವೆಯ ಕರೆಯೋಲೆಯಲ್ಲೂ ಪ್ರಶಾಂತ್ ಕುಮಾರ್ ಎಂದೇ ಅಚ್ಚಾಯಿತು. ಹೆಂಡತಿ ಸುಧಾಳಿಗೆ ನಿಜ ಹೇಳಿದ್ದು ಮದುವೆಯಾದ ಮೇಲೆ. ಅವಳು ಎರಡು ದಿನ ನಕ್ಕು, ಮೂರನೆಯ ದಿನ ಗುಟ್ಟು ಕಾಯುವ ಮಾತು ಕೊಟ್ಟಳು. ಮಗಳು ಅನನ್ಯಾಳಿಗೆ ಗೊತ್ತಿರಲಿಲ್ಲ; ರೇಷನ್ ಕಾರ್ಡು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿತ್ತು. ಜೊತೆಯಲ್ಲೇ ಇರುವ ಅವ್ವನನ್ನು ಪಳಗಿಸುವುದು ಮಾತ್ರ ಕಷ್ಟವಾಯಿತು. ಪ್ರಶಾಂತ ಎನ್ನಲು ಆಕೆಯ ನಾಲಗೆ ಹೊರಳದು, ತಿಪ್ಪ ಎನ್ನಲು ನಾನು ಬಿಡೆನು. ಕೊನೆಗೆ ಆಕೆ ನನ್ನನ್ನು "ಲೋ" ಎಂದಷ್ಟೇ ಕರೆಯುವುದೆಂದು ರಾಜಿಯಾಯಿತು.

ಹೀಗಿರುವಾಗ ಸರ್ಕಾರ ನಮ್ಮ ಬೀದಿಯ ತುದಿಗೆ ಬಂತು. ಮುಚ್ಚಿಹೋಗಿದ್ದ ದಿನಸಿ ಅಂಗಡಿಗೆ ಬಣ್ಣ ಬಳಿದು, ವಾರ್ಡಿನ ಸೇವಾ ಕೇಂದ್ರ ತೆರೆದರು. ನಾನು ಸ್ವಭಾವತಃ ಕುತೂಹಲಿ. ರಸ್ತೆ ಅಗೆದಿದ್ದರೆ ಸಾಕು, ಒಳಗೆ ಯಾವ ಪೈಪು ಯಾವ ಕಡೆ ಹೋಗಿದೆಯೆಂದು ಬಗ್ಗಿ ನೋಡದೆ ಮುಂದೆ ಹೋಗುವವನಲ್ಲ. ಮೊದಲ ದಿನವೇ ಹೋಗಿ ನೋಡಿದೆ. ಒಳಗೆ ಕಂಪ್ಯೂಟರ್, ಕ್ಯಾಮೆರಾ, ಹಿರಿಯರಿಗೆ ಕುರ್ಚಿ, ಕುಡಿಯುವ ನೀರು. ಕಂಪ್ಯೂಟರಿನ ಮುಂದೆ ಹಿಂದಿನ ಬೀದಿಯ ಭಾಗ್ಯ. ಸುಧಾಳ ಚೀಟಿ ಗುಂಪಿನವಳು. "ಬನ್ನಿ ಅಂಕಲ್, ಇನ್ಮೇಲೆ ಎಲ್ಲಾ ಇಲ್ಲೇ!" ಎಂದಳು. ಅಷ್ಟರಲ್ಲಿ ಗೋಡೆಯ ದೊಡ್ಡ ಪರದೆಯ ಮೇಲೆ ಒಬ್ಬರ ಹೆಸರು ಮೂಡಿತು, ಯಂತ್ರವೊಂದು ಅದನ್ನು ಸ್ಪಷ್ಟ ಕನ್ನಡದಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿತು. ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು. ಈ ಬಾಗಿಲು ಮತ್ತೆ ತುಳಿಯಬಾರದೆಂದುಕೊಂಡು ಹೊರಬಂದೆ.

ಅನನ್ಯಾಳ ಕಾಲೇಜು ಸೀಟಿಗೆ ಜಾತಿ ಮತ್ತು ಆದಾಯದ ಪತ್ರ ಬೇಕಾದಾಗ ಆ ನಿರ್ಧಾರ ಮುರಿಯಿತು. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಹಾಕಿದ ಅರ್ಜಿ ಮರಳಿ ಬಂತು. ಮಗಳ ಅಂಕಪಟ್ಟಿಯಲ್ಲಿ ತಂದೆ ಪ್ರಶಾಂತ್ ಕುಮಾರ್, ರೇಷನ್ ಕಾರ್ಡಿನಲ್ಲಿ ತಿಪ್ಪಯ್ಯ. ಇಬ್ಬರೂ ಒಬ್ಬರೇ ಎಂಬ ದೃಢೀಕರಣ ಪತ್ರ ತನ್ನಿ ಎಂಬ ಷರಾ. ದಾಖಲೆ ಕೊಡಲು ಉಳಿದಿದ್ದುದು ಒಂದೇ ವಾರ. ನಾನು ಮಗಳಿಗೆ "ಸರ್ವರ್ ಪ್ರಾಬ್ಲಂ" ಎಂದು ಹೇಳಿ, ಕಾಲೇಜಿಗೆ ರಜೆ ಹಾಕಿ, ನನ್ನ ಪ್ರೀತಿಯ ದೂರದ ಕಚೇರಿಗೆ ಹೊರಟೆ.

ಅಲ್ಲಿನ ಗುಮಾಸ್ತರು ಈ ಸಲ ತಲೆಯೆತ್ತಿ ನೋಡಿದರು, ನಕ್ಕರು ಕೂಡ. "ನಿಮ್ ವಾರ್ಡಿಂದು ಇಲ್ಲಿ ಓಪನ್ನೇ ಆಗಲ್ಲ ಸಾರ್. ನೋಡಿ, ನಿಮ್ ಮನೆ ಇದು, ನಿಮ್ ಕೇಂದ್ರ ಇದು. ಎಷ್ಟ್ ಹತ್ರ! ಪುಣ್ಯ ಮಾಡಿದ್ದೀರಿ" ಎಂದು ಪರದೆ ತಿರುಗಿಸಿ ನಕ್ಷೆ ತೋರಿಸಿದರು.

"ಹತ್ರ ಇರೋದೇ ಕಷ್ಟ ಸಾರ್" ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ನಡೆಯೋಕೆ ಕಷ್ಟಾನಾ? ಹಂಗಾದ್ರೆ ಮನೆಗೇ ಬರ್ತಾರೆ" ಎಂದು ಸಮಾಧಾನ ಹೇಳಿ ಕಳಿಸಿದರು.

ಮರುದಿನ ಮಧ್ಯಾಹ್ನ, ಕೇಂದ್ರದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಳ್ಳನಂತೆ ನುಗ್ಗಿದೆ. ಭಾಗ್ಯ ಊಟದ ಡಬ್ಬಿ ಮುಚ್ಚುತ್ತಿದ್ದಳು. ಕಾಗದಗಳನ್ನು ಮುಂದಿಟ್ಟು, "ಆ ಕೂಗೋ ಮೆಷಿನ್ ಸ್ವಲ್ಪ ಆಫ್ ಮಾಡಮ್ಮ" ಎಂದೆ. ಅವಳು ಓದಿದಳು. ತುಟಿ ಕಚ್ಚಿಕೊಂಡಳೇ ಹೊರತು ನಗಲಿಲ್ಲ; ಅದಕ್ಕಾಗಿ ಅವಳಿಗೆ ಒಳ್ಳೆಯದಾಗಲಿ.

"ನಾನ್ ಯಾರಿಗೂ ಹೇಳಲ್ಲ ಅಂಕಲ್. ಆದ್ರೆ ಸ್ಥಳ ಪರಿಶೀಲನೆ ಇರುತ್ತೆ. ಶನಿವಾರ ಸವಿತಾ ಮೇಡಂ ಟ್ಯಾಬ್ ಹಿಡ್ಕೊಂಡು ನಿಮ್ ರೋಡಿಗೇ ಬರ್ತಾರೆ."

"ಬಂದು?"

"ಅಕ್ಕಪಕ್ಕದ ಮನೆಯೋರನ್ನ ಕೇಳ್ತಾರೆ."

ಆ ಶನಿವಾರ ನಾನು ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ಕಾವಲು ನಿಂತೆ. ಮೇಡಂ ಬೀದಿಗೆ ಕಾಲಿಟ್ಟ ಕೂಡಲೇ ಓಡಿಹೋಗಿ ಒಳಗೆ ಕರೆದು, ಕಾಫಿ ಕೊಟ್ಟು, ಮೆಲ್ಲಗೆ ಮುಗಿಸಿಬಿಡುವ ಯೋಚನೆ. ಆದರೆ ಸುಧಾ ಒಂದೇ ಒಂದು ಸಲ "ರೀ, ಸಿಲಿಂಡರ್ ಬದಲಾಯ್ಸಿ" ಎಂದು ಕೂಗಿದಳು. ನಾನು ಬದಲಾಯಿಸಿ ಬರುವಷ್ಟರಲ್ಲಿ ಸ್ಕೂಟರಿನಲ್ಲಿ ಬಂದಿಳಿದ ಮೇಡಂ ಎದುರುಮನೆಯ ನಂಜೇಗೌಡರ ಮುಂದೆ ನಿಂತಿದ್ದರು. ನಂಜೇಗೌಡರು ಈ ಬಡಾವಣೆಯಾಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಕಟ್ಟಡ ಬೆಳೆಯುತ್ತಾರೆ. ಬೀದಿಯ ಪ್ರತಿ ಕಲ್ಲನ್ನೂ ಬಲ್ಲೆನೆಂಬ ಹೆಮ್ಮೆ ಅವರದು.

"ತಿಪ್ಪಯ್ಯ ಅನ್ನೋರು ಈ ರೋಡಲ್ಲಿ ಇದ್ದಾರಾ?"

"ತಿಪ್ಪಯ್ಯಾನಾ? ಯಾರೂ ಇಲ್ಲ ಕಣಮ್ಮ. ಗ್ಯಾರಂಟಿ."

"ಅಡ್ರೆಸ್ ಎದುರುಮನೆದು ತೋರಿಸ್ತಿದೆ."

"ಅದು ಪ್ರಶಾಂತ್ ಸಾರ್ ಮನೆ. ಯಾವನೋ ಫ್ರಾಡ್ ನನ್ಮಗ ಅವ್ರ್ ಅಡ್ರೆಸ್ ಕೊಟ್ಟವ್ನೆ. ಬರ್ಕಳಿ, ಇಲ್ಲ ಅಂತ."

ಮೇಡಂ ಟ್ಯಾಬಿನ ಮೇಲೆ ಬೆರಳೆತ್ತಿದರು. ಆ ಬೆರಳು ಇಳಿದರೆ ಮಗಳ ಸೀಟು ಹೋಯಿತು. ಮೆಟ್ಟಿಲಿಳಿದು ಹೋಗುವಷ್ಟು ಸಮಯವಿರಲಿಲ್ಲ. ಎಷ್ಟೋ ವರ್ಷಗಳಿಂದ ಪಿಸುಮಾತಿನಲ್ಲೂ ಹೇಳದ ಮಾತನ್ನು ಬಾಲ್ಕನಿಯ ಕಂಬಿ ಹಿಡಿದು ಇಡೀ ಬೀದಿಗೆ ಕೂಗಿದೆ: "ಮೇಡಂ, ತಡೀರಿ! ನಾನೇ ತಿಪ್ಪಯ್ಯ! ಆ ತಿಪ್ಪಯ್ಯ ನಾನೇ!"

ಸೊಪ್ಪಿನ ಗಾಡಿ ನಿಂತಿತು. ಕಾರು ತೊಳೆಯುತ್ತಿದ್ದವರು ಪೈಪು ಹಿಡಿದುಕೊಂಡೇ ತಿರುಗಿ ತಮ್ಮ ಕಾಲಿನ ಮೇಲೇ ನೀರು ಬಿಟ್ಟುಕೊಂಡರು. ನನ್ನ ಹಿಂದೆ ಅನನ್ಯಾ ನಿಂತಿದ್ದಳು. "ಅಪ್ಪಾ, ವಾಟ್?" ಎಂದಳು.

ಕೆಳಗಿಳಿದಾಗ ಗೇಟಿನ ಬಳಿ ಸಣ್ಣ ಸಭೆಯೇ ಸೇರಿತ್ತು. ನಂಜೇಗೌಡರು ನನ್ನ ಮುಖವನ್ನು ಹೊಸದಾಗಿ ಮಾರಾಟಕ್ಕೆ ಬಂದ ಸೈಟಿನಂತೆ ನೋಡುತ್ತಿದ್ದರು. ಆದರೂ ದೊಡ್ಡ ಮನುಷ್ಯ, "ನಾನ್ ಸೈನ್ ಹಾಕ್ತೀನಿ ಬಿಡಮ್ಮ" ಎಂದರು.

"ಇವರು ತಿಪ್ಪಯ್ಯ ಅಂತ ನಿಮಗೆ ಎಷ್ಟ್ ವರ್ಷದಿಂದ ಗೊತ್ತು ಸರ್?"

"ಪ್ರಶಾಂತ್ ಅಂತ ಇಪ್ಪತ್ತ್ ವರ್ಷದಿಂದ. ತಿಪ್ಪಯ್ಯ ಅಂತ... ಈಗ ಐದ್ ನಿಮಿಷದಿಂದ."

ಮೇಡಂ ನಕ್ಕು, ಹುಟ್ಟಿದಾಗಿನಿಂದ ಬಲ್ಲವರು ಬೇಕು, ಮನೆಯವರ ಮಾತು ಸಾಲದು ಎಂದರು. ಆಗ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಎಷ್ಟೋ ವರ್ಷ ಕಟ್ಟಿಹಾಕಿದ್ದ ಬಾಯಿ ಅದು.

"ಮನ್ಯೋರ್ ಮಾತ್ ಬ್ಯಾಡಾಂದ್ರೆ ಅಕ್ಕಯ್ಯಮ್ಮನ್ನ ಕೇಳ್ರವ್ವ. ಇವನಿಗ್ ಮುಂಚೆ ಎರಡ್ ಕೂಸು ತೀರ್ಕಂಡ್ವು ನಂಗೆ. ಒಂದುಕ್ಕೆ ಚಂದ್ರಶೇಖರ ಅಂತ ಎಸರಿಟ್ಟಿದ್ದೊ, ಇನ್ನೊಂದುಕ್ಕೆ ರಾಜಶೇಖರ. ಚಂದದ್ ಎಸರು ಕೇಳಿ ಜವರಾಯ ಬಂದ ಅಂದ್ರು. ಅದಕ್ಕೆ ಇವನು ಉಟ್ಟಿದ್ ಒಂಬತ್ತನೇ ದಿನ ಮೊರದಾಗ್ ಮಲಗ್ಸಿ ತಿಪ್ಪೆ ಮ್ಯಾಲೆ ಇಟ್ಬುಟ್ಟೆ. ಪಕ್ಕದ್ ಮನೆ ಅಕ್ಕಯ್ಯಮ್ಮ, ಯಾರುದೋ ಕೂಸು ಬಿದ್ದದೆ ಅಂತ ಎತ್ಕಂಡು ಬಂದು ನನ್ ಮಡ್ಲಿಗಾಕಿದ್ಲು. ಅಂಗೆ ತಿಪ್ಪ ಆದ. ಉಳ್ಕಂಡ."

ಯಾರೂ ನಗಲಿಲ್ಲ. ಹೆಸರಿನ ಕಾರಣ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಆ ಇಬ್ಬರಿಗೆ ಹೆಸರುಗಳಿದ್ದವೆಂಬುದು ಗೊತ್ತಿರಲಿಲ್ಲ. ಪೈಪು ಯಾವ ಕಡೆ ಹೋಗಿದೆಯೆಂದು ಬಗ್ಗಿ ಬಗ್ಗಿ ನೋಡಿದ ನಾನು ಒಮ್ಮೆಯೂ ಅವ್ವನನ್ನು ಈ ಬಗ್ಗೆ ಕೇಳಿರಲಿಲ್ಲ.

"ಅಕ್ಕಯ್ಯಮ್ಮ ಈಗ?" ಎಂದರು ಮೇಡಂ, ದನಿ ತಗ್ಗಿಸಿ.

"ಸೋಲದೇವನಳ್ಳಿಲೇ ಅವ್ಳೆ. ಗುಂಡುಕಲ್ ಅಂಗೆ."

"ಅಲ್ಲೂ ನಮ್ ಕೇಂದ್ರ ಇದೆ. ಸೋಮವಾರ ಸಂಜೆ ಅವರನ್ನ ಅಲ್ಲಿಗೆ ಬರೋಕ್ ಹೇಳಿ. ಇಲ್ಲಿಂದಾನೇ ವಿಡಿಯೋದಲ್ಲಿ ಹೇಳಿಕೆ ತಗೊಂಡ್ ಬಿಡೋಣ."

ಸೋಮವಾರ ಕೇಂದ್ರದಲ್ಲಿ ಕುರ್ಚಿ ಸಾಲಲಿಲ್ಲ. ಕುತೂಹಲ ನನ್ನೊಬ್ಬನ ಸ್ವತ್ತೆಂದುಕೊಂಡಿದ್ದೆ. ಬೀದಿಗೆ ಬೀದಿಯೇ ಬಂದಿತ್ತು. ಹೆಸರು ಕೂಗುವ ಅದೇ ದೊಡ್ಡ ಪರದೆಯ ಮೇಲೆ ಅಕ್ಕಯ್ಯಮ್ಮನ ಬಾಯಿ ಮಾತ್ರ ಕಾಣಿಸಿತು, ಆಮೇಲೆ ಮೂಗುಬೊಟ್ಟು, ಆಮೇಲೆ ಪೂರ್ತಿ ಮುಖ. ಮೊದಲು ಅವ್ವನೂ ಆಕೆಯೂ ಸರ್ಕಾರಿ ಖರ್ಚಿನಲ್ಲಿ ಊರಿನ ಸುದ್ದಿಯೆಲ್ಲ ಮಾತಾಡಿಕೊಂಡರು. ಮೇಡಂ ಕಾದರು. ಆಮೇಲೆ, "ಇವರೇನಾ ಅಜ್ಜಿ, ನೀವ್ ಎತ್ಕೊಂಡಿದ್ ಮಗು?" ಎಂದು ನನ್ನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರು.

ಅಕ್ಕಯ್ಯಮ್ಮ ಕಣ್ಣು ಕಿರಿದು ಮಾಡಿದಳು. "ಯಾರೋ ಬೋಳ್ತಲೆಯೋನ್ನ ನಿಲ್ಸಿ ಇವನೇನಾ ಅಂದ್ರೆ ನಾ ಎಂಗೇಳ್ಲಿ? ಎಡಗಡೆ ಕಿವಿ ತೋರ್ಸೋ ಕೂಸೇ. ಎತ್ಕಳೋವಾಗ ನನ್ ಬಳೆ ಒಡದು ಕಿವಿ ಇಂದೆ ಗೀರಿತ್ತು. ಗಾಯ ಇರಬೇಕು ನೋಡ್ರಿ."

ಆ ಗಾಯವಿತ್ತು. ಕ್ರಿಕೆಟ್ ಆಡುವಾಗ ವೇಗದ ಬೌಲರೊಬ್ಬನ ಚೆಂಡು ತಗುಲಿದ್ದೆಂದು ಮದುವೆಯಾದ ಹೊಸತರಲ್ಲಿ ಸುಧಾಳಿಗೆ ವಿವರವಾಗಿ ವರ್ಣಿಸಿದ್ದೆ. ನಾನು ಕಿವಿ ಮಡಚಿ ಕ್ಯಾಮೆರಾಕ್ಕೆ ತೋರಿಸಿದೆ. ಪರದೆಯ ಮೇಲೆ ನನ್ನ ಕಿವಿ ಹೆಸರಘಟ್ಟ ಕೆರೆಯಷ್ಟು ದೊಡ್ಡದಾಗಿ ಕಂಡಿತು. ಹಿಂದಿನಿಂದ ಸುಧಾ, "ಓಹೋ, ಬೌಲರ್ ಇವರೇನಾ?" ಎಂದಳು.

"ಇವನೇ ಕಣ್ರವ್ವ ನಮ್ ತಿಪ್ಪ!" ಎಂದು ಅಕ್ಕಯ್ಯಮ್ಮ ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಎರಡು ದಿನಕ್ಕೆ ಪತ್ರ ಬಂತು. ಸಮಯ ಮೀರುವ ಮೊದಲೇ ಅನನ್ಯಾಳ ದಾಖಲೆ ಸೇರಿತು, ಸೀಟು ಉಳಿಯಿತು. ದೂರದ ಕಚೇರಿಯಲ್ಲಾಗಿದ್ದರೆ ಈ ಸಾಕ್ಷಿಯನ್ನು ಹುಡುಕುವವರು ಯಾರು ಎಂದು ನನಗೂ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಇನ್ನು ಬೀದಿಯನ್ನು ಎದುರಿಸುವುದೊಂದು ಬಾಕಿಯಿತ್ತು. ಒಂದು ತಿಂಗಳಾದರೂ ಗೇಲಿ ಮಾಡುತ್ತಾರೆ, ಆರು ತಿಂಗಳಾದರೂ ಪಿಸುಗುಟ್ಟುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಚುರುಕಾದ ಕೆಲವು ಉತ್ತರಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ. ಮಂಗಳವಾರ ನಂಜೇಗೌಡರು ನನ್ನನ್ನು ನಿಲ್ಲಿಸಿ ಕಸದ ಗಾಡಿಯ ವೇಳೆ ಬದಲಾದದ್ದನ್ನು ಹೇಳಿದರು. ಬುಧವಾರ ಎಲ್ಲರೂ ಕೆಟ್ಟುಹೋದ ಬೋರ್‌ವೆಲ್ ವಿಚಾರ ಮಾತಾಡಿದರು. ಗುರುವಾರವೂ ಬೋರ್‌ವೆಲ್ಲೇ. ಅರ್ಧ ಆಯುಷ್ಯ ಜೋಪಾನ ಮಾಡಿದ ಗುಟ್ಟಿಗೆ ಒಂದು ವಾರದ ಮರ್ಯಾದೆಯೂ ಇಲ್ಲವೇ ಎಂದು ನನಗೆ ನಿಜಕ್ಕೂ ನೋವಾಯಿತು.

ಶುಕ್ರವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಹಾಲಿನ ಬೂತಿನವನ ಮುಂದೆ ಬಾಗಿ, ದನಿ ತಗ್ಗಿಸಿ ನಾನೇ ಶುರು ಮಾಡಿದೆ: "ವಿಷ್ಯ ಗೊತ್ತಾಯ್ತಾ? ನನ್ನ ಹೆಸರು ನಿಜವಾಗಿ ಪ್ರಶಾಂತ್ ಅಲ್ಲ..."

"ಗೊತ್ತು ಬಿಡಿ ತಿಪ್ಪಯ್ಯ ಸಾರ್. ಹಿಂದೆ ಕ್ಯೂ ಐತೆ, ಅರ್ಧ ಲೀಟರ್ರಾ, ಒಂದ್ ಲೀಟರ್ರಾ?" ಎಂದ.