ಮಸೂತಿ ವಿಮಾನ ನಿಲ್ದಾಣದಲ್ಲಿ ಜೋಳದ ರಾಶಿ ಇರುವಾಗ ವಿಮಾನಗಳು ನಡೆದುಕೊಳ್ಳಬೇಕಾದ ರೀತಿ

(ಇಲಾಖೆಯ ಹೆಸರು ಇನ್ನೂ ಮಂಜೂರಾಗಬೇಕಿದೆ)
ಪ್ರಾದೇಶಿಕ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ಮಸೂತಿ, ಬಸವನ ಬಾಗೇವಾಡಿ ತಾಲ್ಲೂಕು

ಸಂಖ್ಯೆ: ವಿನಿ/ಮಸೂತಿ/ಜೋಳ/3/75-76
ದಿನಾಂಕ: 31-3-1976

ವಿಷಯ: ಕೆಂಪು ನಿಶಾನೆ ತೋರಿಸಿದ್ದು ಯಾವ ನಿಯಮದ ಮೇರೆಗೆ ಎಂದು ಮೇಲಿನ ಕಚೇರಿ ಕೇಳಿರುವುದರಿಂದ, ಸದರಿ ನಿಯಮವನ್ನು ಈಗ ರಚಿಸುವ ಬಗ್ಗೆ.

ಉಲ್ಲೇಖ: 1. ಮೇಲಿನ ಕಚೇರಿಯ ಮೆಮೊ. 2. ಅದೇ ಮೆಮೊ, ಸಿಟ್ಟಿನಿಂದ ಎರಡನೇ ಸಲ.

ಪೀಠಿಕೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕಿನವರು ವಿಮಾನ ನಿಲ್ದಾಣ ತಮಗೇ ಬೇಕೆಂದು ಹಟ ಹಿಡಿದಿದ್ದರಿಂದ, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಅದನ್ನು ಹಂಚಲಾಯಿತು. ರನ್‌ವೇ ಮಸೂತಿಗೆ, ಟಿಕೆಟ್ ಕಿಟಕಿ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡಕ್ಕೆ, ಪ್ರಯಾಣಿಕರು ಕೂಡುವ ಕೋಣೆ ಸಿಂದಗಿಗೆ, ಗಾಳಿಯ ದಿಕ್ಕು ತೋರಿಸುವ ಚೀಲ ಇಂಡಿಗೆ ಬಂದವು. ಇಂಡಿಯ ಗಾಳಿಯ ದಿಕ್ಕನ್ನು ಬಸ್ ಕಂಡಕ್ಟರರ ಕೈಯಲ್ಲಿ ಚೀಟಿ ಬರೆದು ಕಳಿಸಲಾಗುತ್ತಿದ್ದು, ಅದು ತಲುಪಿದ ದಿನ ಮಸೂತಿಯಲ್ಲೂ ಅದೇ ಗಾಳಿ ಬೀಸುತ್ತಿದೆ ಎಂದು ಭಾವಿಸತಕ್ಕದ್ದು. ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಗಳು ಸೊಲ್ಲಾಪುರವನ್ನು ಪರದೇಶವೆಂದೇ ಎಣಿಸುವುದರಿಂದ ನಿಲ್ದಾಣಕ್ಕೆ ‘ಅಂತಾರಾಷ್ಟ್ರೀಯ’ ಎಂಬ ಪದವನ್ನು ಸೇರಿಸಲಾಗಿದೆ.

ಪಶುವೈದ್ಯ ಇಲಾಖೆಯ ಗುಮಾಸ್ತರಾಗಿದ್ದ ಶ್ರೀ ಹಣಮಂತ್ರಾಯರನ್ನು ಇಲ್ಲಿಗೆ ಪ್ರಭಾರಿ ಅಧಿಕಾರಿಯೆಂದು ಹಂಗಾಮಿಯಾಗಿ ಕಳಿಸಲಾಯಿತು. ಮಾರ್ಚ್ ಮುಗಿಯುವುದರೊಳಗೆ ಒಂದಾದರೂ ವಿಮಾನ ಇಳಿದಲ್ಲಿ ಇವರು ಕಾಯಂ, ಇಳಿಯದಿದ್ದಲ್ಲಿ ಹುದ್ದೆ ರದ್ದು ಎಂದು ಆದೇಶವಿತ್ತು. ಸದರಿಯವರು ಇಸ್ತ್ರಿ ಮಾಡಿದ ಟೊಪ್ಪಿಗೆ ಇಟ್ಟುಕೊಂಡು ದಿನವೂ ಮುಗಿಲು ನೋಡುತ್ತಿದ್ದರು. ಊರಿನವರು ಮಳೆಯ ಲೆಕ್ಕದವರೆಂದು ತಿಳಿದು ಅವರನ್ನು ಹತ್ತಿ ಬಿತ್ತುವುದು ಯಾವಾಗ ಎಂದು ಕೇಳುತ್ತಿದ್ದರು.

ಸುತ್ತಲೂ ಬಿರುಕು ಬಿಟ್ಟ ಎರೆಭೂಮಿ. ಗಟ್ಟಿಯಾಗಿ, ಮಟ್ಟಸವಾಗಿ ಇದ್ದ ಜಾಗ ರನ್‌ವೇ ಒಂದೇ. ಆದ್ದರಿಂದ ಶ್ರೀಮತಿ ತಿಪ್ಪವ್ವ ಎಂಬ ರೈತ ಮಹಿಳೆ ಅದನ್ನು ಸಗಣಿಯಿಂದ ಸಾರಿಸಿ ಕಣ ಮಾಡಿಕೊಂಡು, ನಡುವೆ ಮೇಟಿಕಂಬ ನೆಟ್ಟು, ಅದರ ಸುತ್ತ ತೆನೆ ತುಳಿಯಲು ಎತ್ತುಗಳ ಹಂತಿ ಕಟ್ಟಿ, ಜೋಳದ ರಾಶಿ ಮಾಡಿದರು. ಮೇಟಿಕಂಬವನ್ನು ನಿಲ್ದಾಣದ ಸಲಕರಣೆ ಎಂದು ದಾಖಲೆ ಮಾಡಿಕೊಳ್ಳಲಾಗಿದೆ, ಏಕೆಂದರೆ ಬೇರೆ ಸಲಕರಣೆ ಇರಲಿಲ್ಲ.

ರಾಶಿಗೆ ಪೂಜೆ ನಡೆದಿರುವಾಗಲೇ ನಿಲ್ದಾಣದ ತಪಾಸಣೆಗೆಂದು ಮೇಲಿನ ಕಚೇರಿ ಕಳಿಸಿದ ವಿಮಾನ ಬಂದಿತು. ಕಣದಲ್ಲಿ ಯಾರೂ ಪಾದರಕ್ಷೆ ಮೆಟ್ಟಿ ಬರಕೂಡದೆಂಬುದು ಈ ಭಾಗದ ರೂಢಿ. ಶ್ರೀಮತಿ ತಿಪ್ಪವ್ವ ಅವರು ಮೇಲೆ ನೋಡಿ, “ಸಾಹೇಬ್ರ, ಅದಕ್ಕೊಂದೀಟು ಹೇಳ್ರಿ. ಇಳಿಯೂದಿದ್ರ ಇಳಿ, ಕಾಲಾಗಿನ ಮೆಟ್ಟು ಹೊರಗ ಬಿಟ್ಟು ಬಾ ಅಂತ” ಎಂದು ಹೇಳಿಕೆ ನೀಡಿರುತ್ತಾರೆ. ಪ್ರಭಾರಿ ಅಧಿಕಾರಿಯು ಮೊದಲು ತಮ್ಮ ಬೂಟುಗಳನ್ನು ಕಳಚಿ, ಹಸಿರು ನಿಶಾನೆಯನ್ನೂ ಕೆಂಪು ನಿಶಾನೆಯನ್ನೂ ನೋಡಿ, ಕೆಂಪನ್ನು ಎತ್ತಿದರು. ವಿಮಾನ ಸುತ್ತು ಹಾಕಿ ಬಂದ ದಾರಿಗೆ ಸುಂಕವಿಲ್ಲವೆಂದು ಹೋಯಿತು.

ಮೇಲಿನ ಕಚೇರಿಗೆ ಕೊಟ್ಟ ವಿವರಣೆಯಲ್ಲಿ ಸದರಿ ಅಧಿಕಾರಿಯು ಕಚೇರಿಯ ಭಾಷೆಯನ್ನು ಮರೆತು, “ಇಮಾನ ಹ್ವಾದ್ರ ಮತ್ತ ಬರತೈತ್ರಿ. ಅದರ ಗಾಳಿಗಿ ಎರಿ ಬಿರುಕಿನ್ಯಾಗ ಹೋದ ಜ್ವಾಳ ತಿರುಗಿ ಬರಂಗಿಲ್ರಿ” ಎಂದು ಬರೆದಿರುವುದು ವಿಷಾದನೀಯ. ಅದನ್ನು ಹಿಂತೆಗೆದುಕೊಂಡಿರುವುದಿಲ್ಲ.

ಪ್ರಯುಕ್ತ, ಸಂಬಂಧಪಟ್ಟ ಎಲ್ಲರಿಗೂ ಹಾಗೂ ಮುಗಿಲಿಗೂ ತಿಳಿಯಪಡಿಸುವುದೇನೆಂದರೆ:

1. ರಾಶಿ ಮುಗಿಯುವವರೆಗೆ ವಿಮಾನಗಳು ಮೇಲೆಯೇ ಕಾಯತಕ್ಕದ್ದು. ಕಾಯಲು ಬೇಸರವಾದಲ್ಲಿ ಸಿಂದಗಿಯ ಕೋಣೆಯಲ್ಲಿ ಕೂಡಬಹುದು.

2. ಹಂತಿಯ ಹಾಡು ನಡೆದಿರುವಾಗ ಇಂಜಿನ್ನಿನ ಸಪ್ಪಳ ಮಾಡಕೂಡದು. ಸಪ್ಪಳ ಅನಿವಾರ್ಯವಾದಲ್ಲಿ ಅದು ಹಾಡಿನ ತಾಳಕ್ಕೆ ಹೊಂದಿರತಕ್ಕದ್ದು. ಎತ್ತು ಬೆದರಿದಲ್ಲಿ ಪೈಲಟ್ಟರೇ ಇಳಿದು ಹಿಡಿದು ತರತಕ್ಕದ್ದು.

3. ವಿಮಾನದ ಗಾಲಿಗಳು ಪಾದರಕ್ಷೆಯೇ ಅಲ್ಲವೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಅದು ಬರುವವರೆಗೆ ಪಾದರಕ್ಷೆಯೆಂದೇ ತಿಳಿದು, ಕಣದ ಹೊರಗೆ ಕಳಚಿಟ್ಟು ನಂತರ ಇಳಿಯತಕ್ಕದ್ದು. ಕಳುವಾದಲ್ಲಿ ನಿಲ್ದಾಣ ಜವಾಬ್ದಾರಿಯಲ್ಲ.

4. ಜೋಳ ತೂರುವ ದಿನ ಗಾಳಿ ಬೀಸದಿದ್ದಲ್ಲಿ ವಿಮಾನದ ಪಂಖಾವನ್ನು ಎರವಲು ಕೊಡತಕ್ಕದ್ದು. ಹೊಟ್ಟು ಯಾವ ತಾಲ್ಲೂಕಿಗೆ ಹಾರಬೇಕೆಂಬುದನ್ನು ತಿಪ್ಪವ್ವ ಅವರು ನಿರ್ಧರಿಸುವರು.

5. ನಿಲ್ದಾಣವು ಇಂದು ಸಂಜೆ ಕಾಯಂ ಆಗಿ ಮುಚ್ಚುವುದರಿಂದ, ಮೇಲ್ಕಂಡ ನಿಯಮಗಳು ನಾಳೆ ಬೆಳಗಿನಿಂದ ಕಟ್ಟುನಿಟ್ಟಾಗಿ ಜಾರಿಗೆ ಬರುತ್ತವೆ.

6. ರಾಶಿ ಅಳೆದಾದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಹಡಪದ ಮೊದಲಾದ ಊರ ಆಯಗಾರರಿಗೆ, ವರ್ಷವಿಡೀ ಮಾಡಿದ ಕೆಲಸಕ್ಕಾಗಿ, ಕಣದಲ್ಲೇ ಕಾಳಿನ ಪಾಲು ಕೊಡುವುದು ವಾಡಿಕೆ. ಹುದ್ದೆ ರದ್ದಾದ ಆದೇಶ ಹಿಡಿದು ಪ್ರಭಾರಿ ಅಧಿಕಾರಿಯು ದೂರ ನಿಂತಿರುವಾಗ, ಶ್ರೀಮತಿ ತಿಪ್ಪವ್ವ ಅವರು ಜನರೆದುರಿಗೆ, “ಇಮಾನದ ಸಾಹೇಬ್ರು ಎಲ್ಲದಾರ? ಸಾಲಿನ್ಯಾಗ ನಿಂದ್ರಸ್ರಿ. ನಮ್ಮ ಕಣಾ ಕಾಯ್ದಾರ, ಅವರ ಪಾಲು ಅವರಿಗಿ ಕೊಡೂದೈತಿ” ಎಂದು ಕರೆದು ಒಂದು ಮೊರ ಜೋಳ ಸುರಿದಿರುತ್ತಾರೆ. ಉಡಿಯೊಡ್ಡಲು ಬೇರೆ ಬಟ್ಟೆ ಇಲ್ಲದ್ದರಿಂದ ಅದನ್ನು ಟೊಪ್ಪಿಗೆಯಲ್ಲಿ ಸ್ವೀಕರಿಸಲಾಗಿದ್ದು, ಹೆಚ್ಚಿನದು ಚೆಲ್ಲಿದೆ. ಆ ವೇಳೆಗೆ ಸದರಿ ಅಧಿಕಾರಿಗೆ ಬಹಳ ಸಂತೋಷವಾಗಿದ್ದು, ಅದಕ್ಕೆ ಮೇಲಿನವರ ಮಂಜೂರಾತಿ ಪಡೆದಿರುವುದಿಲ್ಲ.

7. ಆಯಗಾರನೆಂದು ಒಮ್ಮೆ ಪಾಲು ಕೊಟ್ಟವರನ್ನು ಮುಂದಿನ ಸುಗ್ಗಿಗೆ ಬಿಡುವ ರೂಢಿ ಈ ಊರಿನಲ್ಲಿ ಇಲ್ಲವಾದ್ದರಿಂದ, ಸರ್ಕಾರದ ವತಿಯಿಂದ ರದ್ದಾದ ಹುದ್ದೆಯು ಕಣದ ವತಿಯಿಂದ ಕಾಯಂ ಆಗಿರುತ್ತದೆ ಎಂದು ಈ ಮೂಲಕ ಘೋಷಿಸಲಾಗಿದೆ.

ಸಹಿ/-
(ಹಣಮಂತ್ರಾಯ)
ಪ್ರಭಾರಿ ಅಧಿಕಾರಿ, ಸಂಜೆಯವರೆಗೆ

ಪ್ರತಿಗಳು:
1. ಮೇಲಿನ ಕಚೇರಿಗೆ, ಕೇಳಿದ್ದಕ್ಕೆ.
2. ಪಶುವೈದ್ಯ ಇಲಾಖೆಗೆ, ಹಳೆಯ ಕುರ್ಚಿ ಇದ್ದಲ್ಲಿ ತೆಗೆದಿಡಲು; ಸುಗ್ಗಿಯಲ್ಲಿ ರಜೆ ಬೇಕಾಗುವುದೆಂಬ ಮುನ್ಸೂಚನೆಯೊಂದಿಗೆ.
3. ಶ್ರೀಮತಿ ತಿಪ್ಪವ್ವ, ಮಸೂತಿ, ಇವರಿಗೆ. ಖುದ್ದಾಗಿ ಓದಿ ಹೇಳಲಾಗುವುದು.
4. ಊರ ಬಡಿಗ, ಕಮ್ಮಾರ, ಕುಂಬಾರ, ಹಡಪದ ಇವರಿಗೆ, ಸಾಲಿನಲ್ಲಿ ಸ್ವಲ್ಪ ಸರಿದು ನಿಲ್ಲುವ ಸಲುವಾಗಿ.