ರೈಲಿಲ್ಲದ ಊರಿನ ಅಳಿಯ

ರೈಲು ಹತ್ತುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಸ್ಟೇಷನ್ನಿಗೆ ಬರುತ್ತಾರೆ, ಬೋಗಿ ಹುಡುಕುತ್ತಾರೆ, ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಾರೆ, ಊರು ಬಂದರೆ ಇಳಿದು ಆಟೋ ಹಿಡಿಯುತ್ತಾರೆ. ಅಷ್ಟು ದೂರ ತಮ್ಮನ್ನು ಎಳೆದು ತಂದ ಇಂಜಿನ್ನು ಯಾವುದು, ಅದರ ಬಣ್ಣ ಯಾವುದು ಎಂದು ಒಬ್ಬನಾದರೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಮದುವೆಗೆ ಹೋಗಿ ಹೆಣ್ಣುಗಂಡಿನ ಮುಖ ನೋಡದೆ ಉಂಡು ಬರುವ ಜಾತಿ. ನಾನು ಹಾಗಲ್ಲ. ಹತ್ತುವುದು ಕಡಿಮೆ, ನೋಡುವುದು ಹೆಚ್ಚು. ಹಳಿ ಚೆನ್ನಾಗಿ ಕಾಣುವ ಜಾಗ ಹುಡುಕಿ ನಿಂತು ಇಂಜಿನ್ನುಗಳ ನಂಬರನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಅವುಗಳ ಪುಟ್ಟ ಮಾದರಿಗಳನ್ನು ರಟ್ಟಿನಲ್ಲಿ ಮಾಡಿ ಬಣ್ಣ ಬಳಿಯುತ್ತೇನೆ. ಐವತ್ತು ದಾಟಿದ ಹೈಸ್ಕೂಲು ಡ್ರಾಯಿಂಗ್ ಮೇಷ್ಟ್ರು ಇದನ್ನು ಮಾಡುತ್ತಾನೆಂದರೆ ಜನ ನಗುತ್ತಾರೆ. ನಗಲಿ. ಸೋಫಾದಲ್ಲಿ ಬಿದ್ದುಕೊಂಡು ಟಿವಿಯೊಳಗಿನ ಬೌಲರಿಗೆ ಬುದ್ಧಿ ಹೇಳುವವರ ನಗುವಿಗೆ ನಾನೇಕೆ ಬೆಲೆ ಕೊಡಲಿ?

ಇಂಥ ನಾನು ಹೆಣ್ಣು ತಂದದ್ದು ಮಳವಳ್ಳಿಯಿಂದ. ಮಳವಳ್ಳಿಗೆ ರೈಲಿಲ್ಲ. ಹಾಗಂತ ನಾನು ವಿಚಾರಿಸದೆ ಹಳ್ಳಕ್ಕೆ ಬಿದ್ದವನಲ್ಲ. ಹೆಣ್ಣು ನೋಡಲು ಹೋದ ದಿನ ನಾನು ಬಾಯಿಬಿಟ್ಟು ಕೇಳಿದ ಪ್ರಶ್ನೆ ಅದೊಂದೇ: "ನಿಮ್ಮೂರಿಗೆ ರೈಲು ಇದೆಯಾ?" ಹುಡುಗಿಗೆ ಹಾಡು ಬರುತ್ತದಾ, ಅಡುಗೆ ಬರುತ್ತದಾ ಎಂಬ ಪ್ರಶ್ನೆಗಳಿಗೆ ಸಿದ್ಧವಾಗಿ ಕೂತಿದ್ದ ಮಾವ ಚನ್ನೇಗೌಡರು ಒಂದು ಗಳಿಗೆ ತಬ್ಬಿಬ್ಬಾಗಿ, "ಬತ್ತದೆ ಬುಡಿ, ಇನ್ನೇನು ಬಂದಂಗೇಯ" ಎಂದಿದ್ದರು. ಅದಾಗಿ ಇಪ್ಪತ್ತನಾಲ್ಕು ವರ್ಷ. ಹೋದಾಗಲೆಲ್ಲ ನಾನು ಬೇಕೆಂತಲೇ, "ಏನು ಮಾವ, ರೈಲು?" ಎಂದು ಕೆಣಕುತ್ತೇನೆ. ಅವರು ಎಲೆಗೆ ಸುಣ್ಣ ಸವರುತ್ತಾ, "ಬತ್ತದೆ ಬುಡಿ ಅಳಿಯಂದ್ರೆ" ಎನ್ನುತ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮ ಮಾವ ಒಂದೇ ಸುಳ್ಳಿನಲ್ಲಿ ಮುಗಿಸಿದರು.

ಮೊನ್ನೆ ಭಾವಮೈದುನನ ಮನೆಯ ಗೃಹಪ್ರವೇಶವಿತ್ತು. ಮೈಸೂರಿನಿಂದ ಬನ್ನೂರಿನ ಮೇಲೆ ಹೋದರೆ ಮಳವಳ್ಳಿ ಹತ್ತಿರ. ನಾನು ಕಾರನ್ನು ಮಂಡ್ಯದ ಕಡೆ ತಿರುಗಿಸಿದೆ. "ಸುತ್ತಿ ಬಳಸಿ ಮೂಗು ಹಿಡಿಯೋದು ಅಂದ್ರೆ ಇದೇ ಕಣ್ರೀ" ಎಂದಳು ಹೆಂಡತಿ ಸುಜಾತ. ಅವಳಿಗೇನು ಗೊತ್ತು ನನ್ನ ಸಂಕಟ? ಎರಡು ವರ್ಷದಿಂದ ನಾನೊಂದು ಹಳೇ ಡೀಸೆಲ್ ಇಂಜಿನ್ನಿನ ಮಾದರಿ ಮಾಡುತ್ತಿದ್ದೆ. ಎಲ್ಲ ಮುಗಿದು ಅದರ ಹೊಟ್ಟೆಯ ಮೇಲಿನ ಪಟ್ಟಿಯೊಂದು ಉಳಿದಿತ್ತು. ಒಂದು ಫೋಟೋದಲ್ಲಿ ಅದು ಹಳದಿ, ಇನ್ನೊಂದರಲ್ಲಿ ಕಿತ್ತಳೆ. ಆ ಇಂಜಿನ್ನು ಅವತ್ತು ಬೆಳಿಗ್ಗೆ ಗೂಡ್ಸ್ ಗಾಡಿ ಎಳೆದುಕೊಂಡು ಮದ್ದೂರಿನ ಶಿಂಷಾ ಸೇತುವೆ ದಾಟುತ್ತದೆ, ಇನ್ನು ಸ್ವಲ್ಪ ದಿನಕ್ಕೆ ಗುಜರಿಗೆ ಹೋಗುತ್ತದೆ ಎಂದು ನಮ್ಮ ರೈಲುಪ್ರೇಮಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಿತ್ತು. ಕಣ್ಣಾರೆ ನೋಡದೆ ಬಣ್ಣ ಬಳಿಯುವ ಕಳ್ಳಕೆಲಸ ನನ್ನಿಂದಾಗದು.

ಮಂಡ್ಯದಲ್ಲಿ ರೈಲಿನ ಮಾದರಿ ಮಾರುವ ಅಂಗಡಿ ಇದೆ ಎಂದೂ ಅದೇ ಗುಂಪಿನ ಮಹಾನುಭಾವನೊಬ್ಬ ಬರೆದಿದ್ದ. ಹುಡುಕಿಕೊಂಡು ಹೋದರೆ ಅದು ಪ್ಲಾಸ್ಟಿಕ್ ಕೊಡ, ರಬ್ಬರ್ ಚೆಂಡು ನೇತುಹಾಕಿದ ಆಟಿಕೆ ಅಂಗಡಿ. ಮಾಲೀಕ ಸಲೀಂ ಸಾಹೇಬರು ಬಹಳ ಮರ್ಯಾದೆಯಿಂದ ಒಂದು ಡಬ್ಬಿ ಬಿಚ್ಚಿ, ಬಳೆಯಂಥ ಹಳಿ ಜೋಡಿಸಿ, ಸೆಲ್ ಹಾಕಿ ಬಿಟ್ಟರು. ಕೆಂಪು ಇಂಜಿನ್ನೊಂದು ಕೀರಲು ದನಿಯಲ್ಲಿ ಹಾಡುತ್ತಾ ಸುತ್ತತೊಡಗಿತು. ಅದರ ಮುಂಭಾಗದಲ್ಲಿ ಹಲ್ಲು ಕಿರಿದ ಬಾಯಿ ಬೇರೆ.

"ಇಂಜಿನ್ನಿಗೆ ಹಲ್ಲು ಯಾಕ್ರೀ?" ಎಂದೆ.

"ಮಕ್ಳಿಗೆ ಇಷ್ಟ ಆಯ್ತದೆ ಸಾರ್. ಮಗೂಗೆ ಎಷ್ಟು ವರ್ಸ?"

"ಮಗೂಗಲ್ಲ, ನನಗೇ."

ಸಾಹೇಬರು ನನ್ನನ್ನು ನೋಡಿದರು, ಸುಜಾತಳನ್ನು ನೋಡಿದರು. ಅವಳು ಅಷ್ಟರಲ್ಲಿ ಪ್ಲಾಸ್ಟಿಕ್ ಕೊಡವೊಂದನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು. ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿ, "ಹಂಗಾರೆ ಸೌಂಡ್ ಇಲ್ದಿರೋದು ಕೊಡ್ಲಾ ಸಾರ್? ಮನೇಲಿ ಯಾರ್ಗೂ ಗೊತ್ತಾಗಕಿಲ್ಲ" ಎಂದರು. ನಾನು ಕುಡುಕನೋ ಎಂಬಂತೆ ಅಂಗಡಿಯಿಂದ ತಲೆತಗ್ಗಿಸಿ ಹೊರಬಂದೆ.

ಮದ್ದೂರಿನ ಕಥೆ ಬೇರೆ. ರೈಲು ಚೆನ್ನಾಗಿ ಕಾಣುವ ಜಾಗ ಯಾವುದೆಂದು ಟೀ ಅಂಗಡಿಯವನನ್ನು ಕೇಳಿದೆ. "ಸೀದಾ ಸ್ಟೇಸನ್ಗೇ ಓಗಿ ಸಾರ್, ವಡೆ ಬಿಸಿಯಾಗಿರ್ತದೆ" ಎಂದ. "ವಡೆಯಲ್ಲಪ್ಪ, ರೈಲು" ಎಂದೆ. "ರೈಲೊಳ್ಗೂ ಸಿಕ್ತದೆ ಸಾರ್" ಎಂದ. ದಿನವಿಡೀ ರೈಲು ಓಡಾಡುವ ಊರಿನಲ್ಲಿ ಬಾಳಿ, ರೈಲೆಂದರೆ ವಡೆ ಸಾಗಿಸುವ ಗಾಡಿ ಎಂದು ತಿಳಿದವರಿಗೆ ಏನು ಹೇಳುವುದು? ಸುಜಾತ ಮಾತ್ರ ಒಂದು ದೊಡ್ಡ ಪೊಟ್ಟಣ ಕಟ್ಟಿಸಿಕೊಂಡಳು.

ಕೊನೆಗೆ ನಾನೇ ಜಾಗ ಕಂಡುಹಿಡಿದೆ. ಸೇತುವೆ ಎದುರಿಗೇ ಕಾಣುವ ಒಂದು ಕಬ್ಬಿನ ಗದ್ದೆಯ ಬದು. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಮೇಲೆ ಕ್ಯಾಮೆರಾ ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ. ಆಹಾ! ಕಣ್ಣು ತೆರೆದಾಗ ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಗದ್ದೆಯ ಯಜಮಾನ ಬೋರೇಗೌಡ, ಅವನ ತಮ್ಮ ಸಿದ್ದ. ಬೋರೇಗೌಡ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, "ಮಳವಳ್ಳಿ ರೈಲಿಗೆ ಸರ್ವೆನಾ ಸಾರ್?" ಎಂದ.

ಅಲ್ಲ ಎಂದು ಹೇಳಬೇಕಿತ್ತು. ಆದರೆ ನೀವೇ ಹೇಳಿ, ರೈಲಿನ ವಿಷಯಕ್ಕೆ ಈ ಜನ್ಮದಲ್ಲಿ ನನ್ನೆದುರು ಯಾರಾದರೂ ಟವೆಲ್ಲು ಕೈಗೆ ತೆಗೆದುಕೊಂಡಿದ್ದಾರೆಯೇ? "ನೋಡ್ತಾ ಇದ್ದೀನಿ" ಎಂದೆ ಗಂಭೀರವಾಗಿ.

"ಲೇ ಸಿದ್ದ, ನೋಡ್ತಾ ನಿಂತಿದ್ದೀಯಲ್ಲ, ಎಳ್ನೀರು ಕಿತ್ಕೊಂಡ್ ಬಾರ್ಲಾ!"

ಎಳನೀರು ಬಂತು. ಕುಡಿಯುವಾಗ ಬೋರೇಗೌಡ ದನಿ ತಗ್ಗಿಸಿ, "ನಮ್ಗೆ ಇರೋದು ಇದೊಂದೇ ಗದ್ದೆ ಸಾರ್. ಹಳಿ ಈ ಮಗ್ಗುಲಿಗೆ ಬಂದ್ರೆ ನಡುಮಧ್ಯಕ್ಕೆ ಸೀಳಿ ಓಯ್ತದೆ. ವಸಿ ಆಚೀಗೆ ತಿರುಗ್ಸಕಾಯ್ತದಾ?" ಎಂದ. ಎಂಥ ಅಜ್ಞಾನ! ಹಳಿಯೆಂದರೆ ಎತ್ತಿನ ಗಾಡಿಯೇ, ಹಗ್ಗ ಜಗ್ಗಿದರೆ ತಿರುಗಲು? ರೈಲಿನ ತಿರುವಿಗೆ ಒಂದು ಲೆಕ್ಕವಿದೆ, ಒಂದು ಶಿಸ್ತಿದೆ ಎಂದು ನೋಟುಬುಕ್ ಬಿಚ್ಚಿ ಗೆರೆ ಎಳೆದು ಪಾಠ ಶುರುಮಾಡಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ನನಗೆ ಸಿಗದ ಶ್ರದ್ಧೆ ಆ ಎರಡು ಮುಖಗಳಲ್ಲಿತ್ತು. ನನಗೋ ಖುಷಿಯೇ ಖುಷಿ. ಉದಾರಿಯಾಗಿ ಅವರ ಗದ್ದೆಯನ್ನು ಪೂರ್ತಿ ಉಳಿಸಿ, ಹಳಿಯನ್ನು ಆಚೆಯ ಬೀಳುಭೂಮಿಯ ಮೇಲೆ ಬಾಗಿಸಿದೆ.

ಬೆನ್ನ ಹಿಂದೆ ಹಾರನ್ ಕೇಳಿಸಿತು. "ಸಾರ್, ರೈಲು" ಎಂದ ಸಿದ್ದ. "ಅದು ಪ್ಯಾಸೆಂಜರ್ ಗಾಡಿ ಕಣಯ್ಯ, ಹಾರನ್ ಕೇಳಿದರೇ ಹೇಳ್ತೀನಿ. ನೂರು ಸಲ ನೋಡಿದ್ದೀನಿ. ನೀನು ಈ ತಿರುವು ನೋಡು" ಎಂದು ತಲೆ ಎತ್ತದೆ ಗೆರೆ ಮುಂದುವರಿಸಿದೆ. ಗಡಗಡ ಸದ್ದು ಮುಗಿಯಲೇ ಇಲ್ಲ. ಅನುಮಾನ ಬಂದು ತಿರುಗಿದರೆ ಸೇತುವೆಯ ಮೇಲೆ ಗೂಡ್ಸ್ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಇಂಜಿನ್ನು ತೆಂಗಿನ ಮರಗಳ ಹಿಂದೆ ಮರೆಯಾಗಿತ್ತು. ಕರಿ ಹೊಗೆ ಮಾತ್ರ ಉಳಿದಿತ್ತು.

ಕಾರಿನತ್ತ ಓಡಿದೆ. "ಇಂಜಿನ್ನು ನೋಡಿದೆಯಾ? ಪಟ್ಟಿ ಯಾವ ಬಣ್ಣ?"

"ಯಾವ ಪಟ್ಟಿ? ನಾನು ವಡೆ ತಿಂತಿದ್ನಲ್ಲ" ಎಂದಳು ಸುಜಾತ. "ನೀವು ಅಲ್ಲೇ ನಿಂತಿದ್ರಿ, ನೀವು ನೋಡ್ಲಿಲ್ವಾ?"

ಅಷ್ಟರಲ್ಲಿ ಬೋರೇಗೌಡ ನೋಟುಬುಕ್ ತಂದುಕೊಟ್ಟು, ಹೊರಟದ್ದು ಯಾವೂರಿಗೆ, ಯಾರ ಮನೆಗೆಂದು ಸುಜಾತಳನ್ನು ವಿಚಾರಿಸಿದ. ಅವಳು ಹೇಳಿದಳು. "ಅಯ್ಯೋ, ಚನ್ನೇಗೌಡ್ರ ಅಳಿಯಂದ್ರಾ! ನಮ್ ದೊಡ್ಡವ್ವನ ಮಗಳ್ನ ಅವ್ರ ಅಣ್ಣನ ಮನೆಗೇ ಕೊಟ್ಟಿರೋದು ಕಣಮ್ಮ" ಎಂದು ನಾನು ಕಾರು ಶುರುಮಾಡುವ ಮೊದಲೇ ಫೋನು ತೆಗೆದ.

ಮಳವಳ್ಳಿ ತಲುಪಿದಾಗ ಹೊಸ ಮನೆಯ ಶಾಮಿಯಾನದ ಕೆಳಗೆ ಹತ್ತು ಹನ್ನೆರಡು ಹಿರಿಯರು ಕೂತಿದ್ದರು. ಎಂಬತ್ತರ ಹತ್ತಿರದ ಮಾವ ಎದ್ದು ನಿಂತಿದ್ದರು. "ನೋಡ್ರಪ್ಪ! ನಾ ಯೋಳ್ತಿರ್ಲಿಲ್ವಾ, ರೈಲು ಬತ್ತದೆ ಅಂತ? ನಕ್ಸೆ ಬರ್ಯಕೆ ರೈಲ್ವೆಯೋರು ಡ್ರಾಯಿಂಗ್ ಮೇಸ್ಟ್ರು ಬೇಕು ಅಂತ ನಮ್ ಅಳಿಯಂದ್ರನ್ನೇ ಕರ್ಸವ್ರೆ!" ಇಷ್ಟು ವರ್ಷ ಅವರ ಮಾತಿಗೆ ನಕ್ಕಿದ್ದವರೆಲ್ಲ ಈಗ ನನ್ನ ನೋಟುಬುಕ್ಕನ್ನು ನೋಡುತ್ತಿದ್ದರು.

"ಈಗ ಹೇಳಿ, ಅದೆಲ್ಲ ಸುಳ್ಳು ಅಂತ" ಎಂದು ಸುಜಾತ ಮೆಲ್ಲಗೆ ಹೇಳಿ, ಉಳಿದ ವಡೆಯೊಂದಿಗೆ ಒಳಗೆ ಹೋದಳು.

ಹೇಳಲೆಂದೇ ಬಾಯಿ ತೆರೆದೆ. ಮಾವ ನನ್ನ ಕೈ ಹಿಡಿದುಕೊಂಡರು. "ಅಳಿಯಂದ್ರೆ, ನಾನು ಇರೋ ಗಂಟ ಬತ್ತದಾ?" ಎಂದು ಕೇಳಿದರು. ಆಗ ತಿಳಿಯಿತು, ಈ ಮನುಷ್ಯ ನನಗೆ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಇಪ್ಪತ್ತನಾಲ್ಕು ವರ್ಷವೂ ಅದನ್ನು ನಂಬಿಕೊಂಡೇ ಹೇಳಿದ್ದರು. ನನಗೆ ನಾಚಿಕೆಯಾಯಿತು.

"ಬತ್ತದೆ ಬುಡಿ ಮಾವ" ಎಂದೆ.

ಅವರು ಎಲೆ ಅಡಿಕೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನೊಂದು ಎಲೆ ತೆಗೆದುಕೊಂಡು ಸುಣ್ಣ ಸವರಿದೆ.